22ರ ಗೆರೆ ಯಾರದ್ದು? – ಫ್ರಾನ್ಸಿಸ್ ಆಸ್ಟನ್ ಬದುಕಿನ ಕಥೆ

ಕಳೆದ ಸೆಮಿಸ್ಟರ್‌ನಲ್ಲಿ ನಾವು ಒಂದಿಷ್ಟು ಜನ ಇಂಡಸ್ಟ್ರಿಯಲ್ ವಿಸಿಟ್ ಅಂತ ಒಂದು ಔಷಧ ಪರೀಕ್ಷಾ ಲ್ಯಾಬಿಗೆ ಹೋಗಿದ್ವಿ. ಅಲ್ಲಿ ನಮ್ಮನ್ನೆಲ್ಲ ಹಿಡಿದು ನಿಲ್ಲಿಸಿದ್ದು ದೊಡ್ಡ ಮಾಸ್ ಸ್ಪೆಕ್ಟ್ರೋಮೀಟರ್ ಅಲ್ಲ, ಅದರ ಪಕ್ಕದಲ್ಲಿದ್ದ ಆಟೋಸ್ಯಾಂಪ್ಲರ್. ಒಂದು ತಣ್ಣನೆಯ ಪೆಟ್ಟಿಗೆ, ಒಳಗೆ ಟ್ರೇ, ಟ್ರೇಯಲ್ಲಿ ಸಾಲಾಗಿ ಬೆರಳುದ್ದದ ಗಾಜಿನ ಶೀಶೆಗಳು. ಸೂಜಿ ಇರೋ ಒಂದು ತೋಳು ಬರುತ್ತೆ, ಶೀಶೆಯ ರಬ್ಬರ್ ಮುಚ್ಚಳ ಚುಚ್ಚುತ್ತೆ, ಕೆಲವೇ ಮೈಕ್ರೋಲೀಟರ್ ಹೀರಿಕೊಂಡು ವಾಲ್ವ್‌ಗೆ ಬಿಡುತ್ತೆ, ಆಮೇಲೆ ಸೂಜಿಯನ್ನು ತಾನೇ ತೊಳ್ಕೊಂಡು ಮುಂದಿನ ಶೀಶೆಗೆ ಹೋಗುತ್ತೆ. ಸಂಜೆ ಟ್ರೇ ತುಂಬಿಸಿಟ್ಟು ಮನೆಗೆ ಹೋದರೆ ಬೆಳಗ್ಗೆ ರಿಸಲ್ಟ್ ರೆಡಿ.

ನಾವು ನೋಡ್ತಾ ಇದ್ದಾಗಲೇ ಅಲ್ಲಿನ ಮೇಡಂ ಇಡೀ ರನ್ ನಿಲ್ಲಿಸಿಬಿಟ್ಟರು. ಕಾರಣ ಏನಪ್ಪಾ ಅಂದ್ರೆ, ಮಾತ್ರೆಯ ಅಂಶವೇ ಇಲ್ಲದ ಖಾಲಿ ಶೀಶೆಯಲ್ಲಿ ಒಂದು ಪುಟ್ಟ ಪೀಕ್ ಕಾಣಿಸಿತ್ತು. ಔಷಧ ಹಾಕಿಲ್ಲ, ಆದರೂ ಔಷಧ ಇದೆ ಅಂತ ಯಂತ್ರ ಹೇಳ್ತಿದೆ. ಹಿಂದಿನ ಶೀಶೆಯದ್ದು ಸೂಜಿಯಲ್ಲೋ ವಾಲ್ವ್‌ನಲ್ಲೋ ಅಂಟಿಕೊಂಡು ಬಂದಿರಬೇಕು. ಇದಕ್ಕೆ ಕ್ಯಾರಿ ಓವರ್ ಅಂತಾರೆ. ಇಷ್ಟು ಸಣ್ಣ ಪೀಕ್‌ಗೆ ಇಷ್ಟೊಂದು ಗಲಾಟೆ ಯಾಕೆ ಅಂತ ನಮ್ಮಲ್ಲೊಬ್ಬ ಕೇಳಿದ. ಪೀಕ್ ಸಣ್ಣದೋ ದೊಡ್ಡದೋ ಅನ್ನೋದು ಆಮೇಲೆ, ಮೊದಲು ಅದು ಯಾರದ್ದು ಅಂತ ಗೊತ್ತಾಗಬೇಕು ಅಂತ ಅವರು ತಿಳಿಸಿ ಹೇಳಿದರು.

ಆ ಪ್ರಶ್ನೆ ತಲೆಯಲ್ಲಿ ಇಟ್ಕೊಂಡೇ ಕಾಲೇಜಿಗೆ ವಾಪಸ್ ಬಂದು ಲೈಬ್ರರಿಯಲ್ಲಿ ಹುಡುಕಿದಾಗ ನಮಗೆ ಸಿಕ್ಕವರು ಫ್ರಾನ್ಸಿಸ್ ವಿಲಿಯಂ ಆಸ್ಟನ್. ಮಾಸ್ ಸ್ಪೆಕ್ಟ್ರೋಗ್ರಾಫ್ ಕಟ್ಟಿ 1922ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು. ಪಠ್ಯಪುಸ್ತಕದಲ್ಲಿ ಅವರಿಗೆ ಸಿಗೋದು ಒಂದೇ ಸಾಲು. ಆದರೆ ಅವರ ಬದುಕನ್ನು ಮೊದಲಿಂದ ನೋಡಿದರೆ, ಅಲ್ಲಿ ಇರೋದೂ ಆ ಮೇಡಂ ಕೇಳಿದ ಪ್ರಶ್ನೆಯೇ: ಈ ಗೆರೆ ಯಾರದ್ದು?

ಆಸ್ಟನ್ ಹುಟ್ಟಿದ್ದು 1877ರ ಸೆಪ್ಟೆಂಬರ್ 1ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರದ ಹಾರ್ಬೋರ್ನ್‌ನಲ್ಲಿ. ಅಪ್ಪ ಲೋಹದ ವ್ಯಾಪಾರಿ, ಜೊತೆಗೆ ಬೇಸಾಯ. ಹುಡುಗನಿಗೆ ಚಿಕ್ಕಂದಿನಿಂದ ಕೈಕೆಲಸದ ಹುಚ್ಚು. ಮನೆಯ ಅಟ್ಟದಲ್ಲಿ ತನ್ನದೇ ಒಂದು ಲ್ಯಾಬ್ ಮಾಡಿಕೊಂಡು ಗಾಜು ಊದೋದು ಕಲಿತ. ತೆಳು ಕಾಗದದಲ್ಲಿ ಬಿಸಿಗಾಳಿ ಬಲೂನು ಮಾಡಿ ಹಾರಿಸೋದೂ ಅವನ ಆಟವಾಗಿತ್ತು. 1893ರಲ್ಲಿ ಮೇಸನ್ ಕಾಲೇಜು ಸೇರಿದರು. ಅದೇ ಮುಂದೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಆಯ್ತು. ರಸಾಯನಶಾಸ್ತ್ರವನ್ನು ಫ್ರಾಂಕ್ಲಂಡ್ ಹತ್ತಿರ, ಭೌತಶಾಸ್ತ್ರವನ್ನು ಪಾಯಿಂಟಿಂಗ್ ಹತ್ತಿರ ಕಲಿತರು.

ಓದು ಮುಗಿದ ಮೇಲೆ ಹೊಟ್ಟೆಪಾಡು ಬೇಕಲ್ಲ? 1900ರಿಂದ ಮೂರು ವರ್ಷ ವುಲ್ವರ್‌ಹ್ಯಾಂಪ್ಟನ್‌ನ ಒಂದು ಬಿಯರ್ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದರು. ಹಗಲು ಹುದುಗು, ಸಂಜೆ ಮನೆಯಲ್ಲಿ ಗಾಜಿನ ಕೊಳವೆ, ನಿರ್ವಾತ ಪಂಪು. ಆಗ ಎಕ್ಸ್-ರೇ ಕಂಡುಹಿಡಿದು ಐದೇ ವರ್ಷ ಆಗಿತ್ತು. ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ವಿದ್ಯುತ್ ಹರಿಸಿದರೆ ಏನೇನು ಬೆಳಕು ಕಾಣುತ್ತೆ ಅನ್ನೋದೇ ಆ ಕಾಲದ ಟ್ರೆಂಡ್. 1903ರಲ್ಲಿ ಆಸ್ಟನ್ ಕಾರ್ಖಾನೆ ಬಿಟ್ಟು ಸ್ಕಾಲರ್‌ಶಿಪ್ ಮೇಲೆ ಬರ್ಮಿಂಗ್‌ಹ್ಯಾಮ್‌ಗೆ ವಾಪಸ್ ಬಂದು ಇದೇ ಡಿಸ್ಚಾರ್ಜ್ ಟ್ಯೂಬ್‌ಗಳ ಕೆಲಸಕ್ಕೆ ಕೂತರು. ಋಣ ವಿದ್ಯುದ್ವಾರದ ಪಕ್ಕದಲ್ಲಿ ಕಾಣುವ ಒಂದು ತೆಳು ಕಪ್ಪು ಪಟ್ಟಿಯನ್ನು ಗುರುತಿಸಿದರು. ಇವತ್ತಿಗೂ ಅದಕ್ಕೆ ಆಸ್ಟನ್ ಡಾರ್ಕ್ ಸ್ಪೇಸ್ ಅಂತಲೇ ಹೆಸರು.

ಅಪ್ಪ ತೀರಿಕೊಂಡ ಮೇಲೆ ಸಿಕ್ಕ ಆಸ್ತಿಯ ದುಡ್ಡಿನಲ್ಲಿ ಅವರು ಪ್ರಪಂಚ ಸುತ್ತೋಕೆ ಹೊರಟರು. ಹವಾಯಿಯಲ್ಲಿ ಅಲೆಗಳ ಮೇಲೆ ಹಲಗೆ ಸವಾರಿ ಕಲಿತುಕೊಂಡು ಬಂದರಂತೆ. ಬಂದವರಿಗೆ ಸ್ವಲ್ಪ ದಿನದಲ್ಲೇ ಕೇಂಬ್ರಿಡ್ಜ್‌ನ ಕ್ಯಾವೆಂಡಿಶ್ ಲ್ಯಾಬ್‌ನಿಂದ ಕರೆ ಬಂತು. ಕರೆದವರು ಎಲೆಕ್ಟ್ರಾನ್ ಕಂಡುಹಿಡಿದ ಜೆ. ಜೆ. ಥಾಮ್ಸನ್. ಅವರಿಗೆ ಬೇಕಾಗಿದ್ದದ್ದು ಗಾಜು, ಪಂಪು, ನಿರ್ವಾತ ಈ ಮೂರೂ ಗೊತ್ತಿದ್ದ ಒಬ್ಬ ಸಹಾಯಕ. 1910ರಲ್ಲಿ ಆಸ್ಟನ್ ಅಲ್ಲಿಗೆ ಸೇರಿದರು.

ಥಾಮ್ಸನ್ ಆಗ ಧನ ಕಿರಣಗಳ ಹಿಂದೆ ಬಿದ್ದಿದ್ದರು. ಕೊಳವೆಯೊಳಗೆ ಸ್ವಲ್ಪೇ ಸ್ವಲ್ಪ ಅನಿಲ ಬಿಟ್ಟು ವಿದ್ಯುತ್ ಹಾಯಿಸಿದರೆ ಅದರ ಪರಮಾಣುಗಳು ಎಲೆಕ್ಟ್ರಾನ್ ಕಳ್ಕೊಂಡು ಅಯಾನುಗಳಾಗುತ್ತವೆ. ಅವನ್ನು ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಎರಡರ ನಡುವೆ ಓಡಿಸಿದರೆ ಹಗುರವಾದದ್ದು ಜಾಸ್ತಿ ಬಾಗುತ್ತೆ, ಭಾರವಾದದ್ದು ಕಡಿಮೆ ಬಾಗುತ್ತೆ. ಫೋಟೊ ಪ್ಲೇಟಿನ ಮೇಲೆ ಒಂದೊಂದು ದ್ರವ್ಯರಾಶಿಗೆ ಒಂದೊಂದು ಬಾಗಿದ ಗೆರೆ ಮೂಡುತ್ತೆ.

1912ರಲ್ಲಿ ನಿಯಾನ್ ಬಿಟ್ಟಾಗ ತಲೆನೋವು ಶುರುವಾಯ್ತು. ನಿಯಾನ್‌ನ ಪರಮಾಣು ತೂಕ 20.2. ಪ್ಲೇಟಿನಲ್ಲಿ 20ರ ಹತ್ತಿರ ದಪ್ಪ ಗೆರೆ ಬಂತು, ಸರಿ. ಆದರೆ 22ರಲ್ಲಿ ಇನ್ನೊಂದು ಮಸುಕು ಗೆರೆಯೂ ಇತ್ತು. ಅದು ಯಾರದ್ದು?

ಮೊದಲ ಅನುಮಾನ ಕಾರ್ಬನ್ ಡೈ ಆಕ್ಸೈಡ್ ಮೇಲೆ. ಅದರ ದ್ರವ್ಯರಾಶಿ 44. ಎರಡು ಎಲೆಕ್ಟ್ರಾನ್ ಕಳ್ಕೊಂಡರೆ ಯಂತ್ರಕ್ಕೆ ಅದು ಅರ್ಧ ಅಂದ್ರೆ 22 ಆಗಿ ಕಾಣುತ್ತೆ. ಕೊಳವೆಯೊಳಗೆ ಆ ಅನಿಲದ ಕೊಳೆ ಯಾವಾಗಲೂ ಇದ್ದೇ ಇರುತ್ತಿತ್ತು. ಹಾಗಾಗಿ ನಿಯಾನನ್ನು ದ್ರವ ಗಾಳಿಯಿಂದ ತಣ್ಣಗಾದ ಕೊಳವೆಯ ಮೂಲಕ ಹಾಯಿಸಿ ಒಳಗೆ ಬಿಟ್ಟರು. ಆ ಚಳಿಗೆ ಕಾರ್ಬನ್ ಡೈ ಆಕ್ಸೈಡ್ ಹೆಪ್ಪುಗಟ್ಟಿ ಅಲ್ಲೇ ನಿಲ್ಲುತ್ತೆ, ನಿಯಾನ್ ಮಾತ್ರ ಮುಂದೆ ಹೋಗುತ್ತೆ. 44ರ ಗೆರೆ ಮಂಕಾಯ್ತು, 22ರದ್ದು ಅಲುಗಾಡಲಿಲ್ಲ. ಇಲ್ಲಿ ನಾವು ಒಂದು ನಿಮಿಷ ನಿಂತುಬಿಟ್ವಿ. ಸ್ಯಾಂಪಲನ್ನು ಯಂತ್ರಕ್ಕೆ ಬಿಡೋ ಮುಂಚೆ ಶುದ್ಧ ಮಾಡಿ, ಅನುಮಾನದ ವಸ್ತುವನ್ನು ದಾರಿಯಲ್ಲೇ ತಡೆದು, ಗೆರೆ ಉಳಿಯುತ್ತಾ ಹೋಗುತ್ತಾ ಅಂತ ನೋಡೋದು. ನಮ್ಮ ಕಾಲದ ಔಷಧ ಲ್ಯಾಬ್ ರಕ್ತದ ಪ್ಲಾಸ್ಮಾದಿಂದ ಪ್ರೋಟೀನ್ ತೆಗೆದು ಸ್ಯಾಂಪಲ್ ತಯಾರು ಮಾಡೋದರ ಹಿಂದೆ ಇರೋದು ಇದೇ ಬುದ್ಧಿ.

ಎರಡನೇ ಅನುಮಾನ: ನಿಯಾನ್‌ಗೆ ಎರಡು ಹೈಡ್ರೋಜನ್ ಸೇರಿ ಆದ ಯಾವುದೋ ಸಂಯುಕ್ತ ಇರಬಹುದಾ? ಮೂರನೇದು: ನಿಯಾನ್‌ನಲ್ಲೇ ಎರಡು ಬಗೆ ಇರಬಹುದಾ? ಸಾಡಿ ಅನ್ನೋ ರಸಾಯನಶಾಸ್ತ್ರಜ್ಞ ವಿಕಿರಣಶೀಲ ಧಾತುಗಳಿಗೆ ಐಸೊಟೋಪ್ ಅನ್ನೋ ಮಾತನ್ನು ಬಳಕೆಗೆ ತಂದದ್ದು 1913ರಲ್ಲಿ. ವಿಕಿರಣವೇ ಇಲ್ಲದ ಸಾದಾ ಧಾತುವಿನಲ್ಲೂ ಹೀಗೆ ಇರುತ್ತೆ ಅಂತ ಒಪ್ಪೋಕೆ ಯಾರೂ ತಯಾರಿರಲಿಲ್ಲ.

ಆಸ್ಟನ್ ಎರಡನ್ನೂ ಬೇರ್ಪಡಿಸಿಯೇ ತೋರಿಸೋಣ ಅಂತ ಹೊರಟರು. ಮೊದಲು ದ್ರವ ಗಾಳಿಯಲ್ಲಿ ತಣ್ಣಗಾದ ಇದ್ದಿಲಿನ ಮೇಲೆ ಮತ್ತೆ ಮತ್ತೆ ಬಟ್ಟಿ ಇಳಿಸಿದರು, ಏನೂ ಆಗಲಿಲ್ಲ. ಆಮೇಲೆ ಜೇಡಿಮಣ್ಣಿನ ಕೊಳವೆಯ ಸೂಕ್ಷ್ಮ ರಂಧ್ರಗಳ ಮೂಲಕ ನಿಯಾನನ್ನು ಸೋಸಿದರು. ಹಗುರವಾದದ್ದು ಒಂಚೂರು ಬೇಗ ಹೊರಗೆ ಬರುತ್ತೆ, ಅಷ್ಟೇ ಆಸರೆ. ಒಂದು ಸಲಕ್ಕೆ ಏನೂ ಗೊತ್ತಾಗಲ್ಲ, ಸಾವಿರಾರು ಸಲ ಮಾಡಬೇಕು. ಕೊನೆಗೆ ಉಳಿದ ಎರಡು ಪಾಲುಗಳನ್ನು ತೂಗಬೇಕು, ಆದರೆ ಕೈಯಲ್ಲಿ ಇದ್ದದ್ದು ಎರಡು ಮೂರು ಸಿಸಿ ಅನಿಲ. ಅದಕ್ಕೆ ಕ್ವಾರ್ಟ್ಜ್ ಎಳೆಗಳಿಂದ ತಾವೇ ಒಂದು ಸೂಕ್ಷ್ಮ ತಕ್ಕಡಿ ಮಾಡಿಕೊಂಡರು. ಸಿಕ್ಕ ಉತ್ತರ 20.15 ಮತ್ತು 20.28. ವ್ಯತ್ಯಾಸ ಒಂದು ಪರ್ಸೆಂಟ್‌ಗೂ ಕಮ್ಮಿ. 1913ರಲ್ಲಿ ತಮ್ಮೂರು ಬರ್ಮಿಂಗ್‌ಹ್ಯಾಮ್‌ನಲ್ಲೇ ನಡೆದ ಬ್ರಿಟಿಷ್ ಅಸೋಸಿಯೇಶನ್ ಸಭೆಯಲ್ಲಿ ಇದನ್ನು ಮಂಡಿಸಿದರು. ಸುಳಿವು ಸಿಕ್ಕಿತ್ತು, ಸಾಕ್ಷಿ ಇನ್ನೂ ಸಿಕ್ಕಿರಲಿಲ್ಲ.

ಕೈಯಿಂದ ಮಾಡಿ ಮಾಡಿ ಸಾಕಾಗಿ ಆಸ್ಟನ್ ಸೋಸೋ ಕೆಲಸಕ್ಕೆ ತಾನೇ ತಾನಾಗಿ ನಡೆಯೋ ಒಂದು ಯಂತ್ರವನ್ನೂ ಕಟ್ಟಿದರು. ಅದು ಹಗಲೂ ರಾತ್ರಿ ದುಡಿದರೂ ಸಿಕ್ಕ ಫಲ ನಿರಾಸೆಯದ್ದು. ಆಟೋಮೇಶನ್ ಅಂದ ತಕ್ಷಣ ಎಲ್ಲ ಸರಿಹೋಗುತ್ತೆ ಅಂದ್ಕೊಳ್ಳೋ ನಮ್ಮಂಥವರಿಗೆ ಇದು ಒಳ್ಳೇ ಪಾಠ. ವಿಧಾನವೇ ದುರ್ಬಲ ಆಗಿದ್ದರೆ ಅದನ್ನು ಸಾವಿರ ಸಲ ತಾನಾಗಿ ಮಾಡಿಸಿದರೂ ಉತ್ತರ ಗಟ್ಟಿ ಆಗಲ್ಲ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಆಸ್ಟನ್ ಫಾರ್ನ್‌ಬರೋದ ವಿಮಾನ ಕಾರ್ಖಾನೆಗೆ ಹೋಗಿ ರೆಕ್ಕೆಯ ಬಟ್ಟೆಗೆ ಬಳಿಯೋ ಲೇಪನಗಳ ಮೇಲೆ ಕೆಲಸ ಮಾಡಿದರು. ಅಲ್ಲಿದ್ದಾಗ ವಿಮಾನ ಅಪಘಾತವೊಂದರಲ್ಲಿ ಬದುಕುಳಿದರು ಕೂಡ. ಸಂಜೆ ಹೊತ್ತು ಜೊತೆಗಾರ ವಿಜ್ಞಾನಿಗಳ ಜೊತೆ ನಿಯಾನ್ ಬಗ್ಗೆ ವಾದ. ಲಿಂಡೆಮನ್‌ಗೆ ಐಸೊಟೋಪ್ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಎದುರಿಗೆ ಒಬ್ಬ ಗಟ್ಟಿ ವಿರೋಧಿ ಇದ್ದದ್ದು ಒಳ್ಳೇದೇ ಆಯ್ತು ಅನ್ಸುತ್ತೆ. ಯುದ್ಧ ಮುಗಿದು 1919ರಲ್ಲಿ ಕೇಂಬ್ರಿಡ್ಜ್‌ಗೆ ಮರಳಿದಾಗ ಆಸ್ಟನ್ ಸೋಸೋದನ್ನು ಬಿಟ್ಟು, ಅಳತೆಯನ್ನೇ ಹರಿತ ಮಾಡಲು ಹೊರಟರು.

ಅದೇ ಮಾಸ್ ಸ್ಪೆಕ್ಟ್ರೋಗ್ರಾಫ್. ಥಾಮ್ಸನ್ ಯಂತ್ರದಲ್ಲಿ ಒಂದೇ ತೂಕದ ಅಯಾನುಗಳು ವೇಗ ಬೇರೆ ಬೇರೆ ಇದ್ದದ್ದರಿಂದ ಬಾಗಿದ ಗೆರೆಯಾಗಿ ಹರಡಿಕೊಳ್ತಿದ್ದವು. ಆಸ್ಟನ್ ಮೊದಲು ವಿದ್ಯುತ್ ಕ್ಷೇತ್ರದಿಂದ ಅವನ್ನು ಒಂದು ಕಡೆಗೆ ಬಾಗಿಸಿ, ಆಮೇಲೆ ಕಾಂತಕ್ಷೇತ್ರದಿಂದ ಎದುರು ದಿಕ್ಕಿಗೆ ಬಾಗಿಸಿದರು. ವೇಗ ಏನೇ ಇರಲಿ, ಒಂದೇ ದ್ರವ್ಯರಾಶಿ ಇದ್ದವೆಲ್ಲ ಪ್ಲೇಟಿನ ಒಂದೇ ಜಾಗಕ್ಕೆ ಬಂದು ಬೀಳೋ ಹಾಗಾಯ್ತು. ಮಸೂರ ಬೆಳಕನ್ನು ಒಂದೆಡೆ ಸೇರಿಸೋ ಥರ. ನಿಖರತೆ ಸಾವಿರಕ್ಕೆ ಒಂದು. ನಿಯಾನ್‌ನ ಗೆರೆಗಳು 20, 22ರಲ್ಲೇ ಬಿದ್ದವು, 20.2ರಲ್ಲಿ ಏನೂ ಇರಲಿಲ್ಲ. ಅಂದ್ರೆ 20.2 ತೂಕದ ನಿಯಾನ್ ಪರಮಾಣು ಅನ್ನೋದೇ ಇಲ್ಲ, ಅದು ಬರೀ ಸರಾಸರಿ. 22ರ ಗೆರೆ ನಿಯಾನ್‌ನದ್ದೇ ಅಂತ ಏಳು ವರ್ಷದ ಮೇಲೆ ತೀರ್ಮಾನ ಆಯ್ತು.

ಮುಂದಿನದು ಕ್ಲೋರಿನ್. ಪರಮಾಣು ತೂಕ 35.46; ರಸಾಯನಶಾಸ್ತ್ರಜ್ಞರಿಗೆ ಹಳೇ ಒಗಟು. ಆಸ್ಟನ್ ಫಾಸ್ಜೀನ್ ಅನ್ನೋ ವಿಷಾನಿಲದ ರೂಪದಲ್ಲಿ ಕ್ಲೋರಿನನ್ನು ಕೊಳವೆಗೆ ಬಿಟ್ಟರು. 35 ಮತ್ತು 37ರಲ್ಲಿ ಗೆರೆ ಬಂತು, 35.46ರಲ್ಲಿ ಇಲ್ಲ. ಅಷ್ಟೇ ಅಲ್ಲ, ಅಣು ಒಡೆದು ಬಂದ ತುಣುಕು, ಕಾರ್ಬನ್, ಆಕ್ಸಿಜನ್, ಕ್ಲೋರಿನ್ ಸೇರಿದ್ದು, 63 ಮತ್ತು 65ರಲ್ಲಿ ಜೋಡಿಯಾಗಿ ಬಂತು. ಕ್ಲೋರಿನ್ ಎಲ್ಲಿ ಹೋದರೂ ಎರಡರ ಅಂತರದ ಜೋಡಿಯಾಗೇ ಹೋಗುತ್ತೆ.

ಇದು ನಮ್ಮ ಮನೆ ಔಷಧದ ಡಬ್ಬಿಗೂ ಸಂಬಂಧಪಟ್ಟ ವಿಷಯ. ನೆಗಡಿ, ಅಲರ್ಜಿಗೆ ತಗೊಳ್ಳೋ ಸೆಟಿರಿಜಿನ್ ಅಣುವಿನಲ್ಲಿ ಒಂದು ಕ್ಲೋರಿನ್ ಇದೆ. ಇವತ್ತಿನ ಯಂತ್ರದಲ್ಲಿ ಅದು 389ರಲ್ಲಿ ಒಂದು ಪೀಕ್, 391ರಲ್ಲಿ ಸುಮಾರು ಮೂರನೇ ಒಂದರಷ್ಟು ಎತ್ತರದ ಇನ್ನೊಂದು ಪೀಕ್ ಕೊಡುತ್ತೆ. ಅದನ್ನು ಒಡೆದರೆ ಸಿಗೋ ಮುಖ್ಯ ತುಣುಕು 201. ಕ್ಲೋರಿನ್ ಅದರಲ್ಲೇ ಉಳಿಯೋದರಿಂದ ಅದರ ಜೋಡಿ 203ರಲ್ಲಿ. ಯಾವುದೋ ಪುಡಿ ಕೊಟ್ಟು ಇದು ಸೆಟಿರಿಜಿನ್ ಅಂದರೆ ಈ ಜೋಡಿ ಇದೆಯಾ ಅಂತ ನೋಡ್ತಾರೆ. ಇಲ್ಲದಿದ್ದರೆ ಆ ಪೀಕ್ ಬೇರೆ ಯಾರದ್ದೋ.

ಆಸ್ಟನ್‌ಗೆ ಅತಿ ಹೆಚ್ಚು ಕಷ್ಟ ಕೊಟ್ಟದ್ದು ಅಳತೆ ಅಲ್ಲ, ಸ್ಯಾಂಪಲನ್ನು ಒಳಗೆ ಬಿಡೋ ಕೆಲಸ. ಅನಿಲ ಆದರೆ ಕೂದಲಿನಷ್ಟು ಸಣ್ಣ ಕೊಳವೆಯಿಂದ ಒಂಚೂರೇ ಒಂಚೂರು ಸೋರಿಸಬಹುದು, ಇನ್ನೊಂದು ಕಡೆಯಿಂದ ಪಂಪು ಅದನ್ನು ಎಳೀತಾ ಇರಬೇಕು. ಜಾಸ್ತಿ ಆದರೆ ನಿರ್ವಾತ ಕೆಡುತ್ತೆ, ಕಮ್ಮಿ ಆದರೆ ಗೆರೆ ಮೂಡಲ್ಲ. ಲೋಹಗಳು ಅನಿಲ ಅಲ್ಲವಲ್ಲ, ಏನು ಮಾಡೋದು? ನಿಕ್ಕಲ್ ಬೇಕಾದಾಗ ಅದರ ಕಾರ್ಬೊನಿಲ್ ಸಂಯುಕ್ತ, ಸೀಸ ಬೇಕಾದಾಗ ಟೆಟ್ರಾಮೀಥೈಲ್ ಸಂಯುಕ್ತ, ಯುರೇನಿಯಂಗೆ ಹೆಕ್ಸಾಫ್ಲೋರೈಡ್. ಹೀಗೆ ಸುಲಭವಾಗಿ ಆವಿಯಾಗೋ ರೂಪ ಹುಡುಕಿ ಹುಡುಕಿ ಒಳಗೆ ಬಿಟ್ಟರು. ಅದೂ ಆಗದ ಲೋಹಗಳಿಗೆ ಉಪ್ಪನ್ನು ಗ್ರಾಫೈಟ್ ಜೊತೆ ಅರೆದು ಧನ ವಿದ್ಯುದ್ವಾರದಲ್ಲೇ ತುಂಬಿ ಕಾಯಿಸಿದರು. ಒಂದೊಂದು ಧಾತುವಿಗೂ ಹೊಸ ಪಾಕ. ಬಿಯರ್ ಕಾರ್ಖಾನೆಯ ಅಭ್ಯಾಸ ಎಷ್ಟು ಉಪಯೋಗಕ್ಕೆ ಬಂತೋ, ಅಟ್ಟದ ಮೇಲೆ ಗಾಜು ಊದಿದ್ದಂತೂ ಬಂದೇ ಬಂತು.

ಕೊಳೆಯ ವಿಷಯದಲ್ಲಿ ಅವರ ಜಾಣತನ ನಮಗೆ ತುಂಬಾ ಹಿಡಿಸಿತು. ಎಷ್ಟು ತೊಳೆದರೂ ಕೊಳವೆಯಲ್ಲಿ ಕಾರ್ಬನ್, ಆಕ್ಸಿಜನ್, ಕಾರ್ಬನ್ ಮಾನಾಕ್ಸೈಡ್, ಗ್ರೀಸಿನಿಂದ ಬಂದ ಹೈಡ್ರೋಕಾರ್ಬನ್‌ಗಳು ಉಳಿದೇ ಇರುತ್ತಿದ್ದವು. ಪ್ರತಿ ಪ್ಲೇಟಿನಲ್ಲೂ 12, 16, 28, 44ರ ಗೆರೆಗಳು ಕರೆಯದೇ ಬರೋ ನೆಂಟರು. ಆಸ್ಟನ್ ಅವನ್ನೇ ಅಳತೆಪಟ್ಟಿ ಮಾಡಿಕೊಂಡರು. ಇವು ಯಾರದ್ದು ಅಂತ ಖಚಿತವಾಗಿ ಗೊತ್ತಲ್ಲ, ಹೊಸ ಗೆರೆ ಇವುಗಳಿಂದ ಎಷ್ಟು ದೂರ ಇದೆ ಅಂತ ನೋಡಿದರೆ ಅದರ ದ್ರವ್ಯರಾಶಿ ಸಿಕ್ಕಿತು. ಗುರುತು ಗೊತ್ತಿರೋ ಕೊಳೆ ಅಳತೆಗೆ ನೆರವಾಗುತ್ತೆ, ಗುರುತು ಗೊತ್ತಿಲ್ಲದ ಕೊಳೆ ಮೋಸ ಮಾಡುತ್ತೆ.

ಹೀಗೇ ಒಂದಾದ ಮೇಲೊಂದು ಧಾತು. ಪ್ರಕೃತಿಯಲ್ಲಿ ಸಿಗೋ ಐಸೊಟೋಪ್‌ಗಳಲ್ಲಿ 212ನ್ನು ಗುರುತಿಸಿದ ಹೆಗ್ಗಳಿಕೆ ಅವರದ್ದು. ಬಹುತೇಕ ಒಬ್ಬರೇ ಕೆಲಸ ಮಾಡ್ತಿದ್ದರು. ಐಸೊಟೋಪ್‌ಗಳ ತೂಕವೆಲ್ಲ ಹೆಚ್ಚುಕಮ್ಮಿ ಪೂರ್ಣಾಂಕವೇ ಅನ್ನೋ ಅವರ ನಿಯಮಕ್ಕೆ ಹೈಡ್ರೋಜನ್ ಒಂದೇ ಎದ್ದು ಕಾಣೋ ಅಪವಾದ: 1.008. ನಾಲ್ಕು ಹೈಡ್ರೋಜನ್ ಸೇರಿ ಒಂದು ಹೀಲಿಯಂ ಆದರೆ ಚೂರು ದ್ರವ್ಯರಾಶಿ ಕಮ್ಮಿ ಬೀಳುತ್ತೆ, ಅದು ಶಕ್ತಿಯಾಗಿ ಹೊರಬರಬೇಕು. ಸೂರ್ಯ ಉರಿಯೋದು ಹೀಗಿರಬಹುದು ಅಂತ 1920ರಲ್ಲಿ ಎಡಿಂಗ್ಟನ್ ಸೂಚಿಸಿದ್ದು ಇದೇ ಅಳತೆಯ ಆಧಾರದ ಮೇಲೆ. ಈ ಶಕ್ತಿ ಮನುಷ್ಯನ ಕೈಗೆ ಸಿಕ್ಕರೆ ಒಳ್ಳೇದಕ್ಕೂ ಕೆಟ್ಟದ್ದಕ್ಕೂ ಬಳಕೆಯಾಗಬಹುದು ಅಂತ ಆಸ್ಟನ್ ಆಗಲೇ ಎಚ್ಚರಿಸಿದ್ದರು. ಮುಂದೆ ಹತ್ತು ಸಾವಿರಕ್ಕೆ ಒಂದು, ಲಕ್ಷಕ್ಕೆ ಒಂದು ನಿಖರತೆ ಇರೋ ಇನ್ನೆರಡು ಯಂತ್ರಗಳನ್ನೂ ಕಟ್ಟಿದರು.

ಮದುವೆ ಆಗಲಿಲ್ಲ. ಟ್ರಿನಿಟಿ ಕಾಲೇಜಿನ ಕೋಣೆಗಳಲ್ಲೇ ವಾಸ. ಪಿಯಾನೊ, ಪಿಟೀಲು, ಸೆಲ್ಲೊ ಮೂರೂ ನುಡಿಸ್ತಿದ್ದರು. ಟೆನಿಸ್, ಗಾಲ್ಫ್, ಹಿಮದ ಮೇಲೆ ಜಾರೋದು, ಮೋಟಾರ್‌ಸೈಕಲ್, ಎಲ್ಲದರಲ್ಲೂ ಕೈ ಇತ್ತು. ಸೂರ್ಯಗ್ರಹಣ ನೋಡೋ ತಂಡಗಳ ಜೊತೆ ಸುಮಾತ್ರಾ, ಕೆನಡಾ, ಜಪಾನ್ ಸುತ್ತಿದರು. ಪಾಠ ಹೇಳೋದರಲ್ಲಿ ಮಾತ್ರ ಅಷ್ಟಕ್ಕಷ್ಟೇ ಅಂತೆ. ಇದನ್ನು ಓದಿ ನಮಗೆ ಸ್ವಲ್ಪ ಸಮಾಧಾನ ಆಯ್ತು, ಹೇಳ್ಬಾರ್ದು.

1945ರ ಆಗಸ್ಟ್‌ನಲ್ಲಿ ಹಿರೋಶಿಮಾ ಮೇಲೆ ಬಿದ್ದ ಬಾಂಬಿನ ಯುರೇನಿಯಂ ಬೇರ್ಪಡಿಸಲು ಅಮೆರಿಕ ಬಳಸಿದ ವಿಧಾನಗಳಲ್ಲಿ ಎರಡು, ರಂಧ್ರಗಳ ಮೂಲಕ ಅನಿಲ ಸೋಸೋದು ಮತ್ತು ಕಾಂತಕ್ಷೇತ್ರದಲ್ಲಿ ಅಯಾನು ಬಾಗಿಸೋದು. ಆಸ್ಟನ್ ನಿಯಾನ್ ಹಿಂದೆ ಬಿದ್ದಾಗ ಹಿಡಿದ ದಾರಿಗಳೂ ಇವೇ. ಅದೇ ವರ್ಷ ನವೆಂಬರ್ 20ರಂದು ಅವರು ಕೇಂಬ್ರಿಡ್ಜ್‌ನಲ್ಲಿ ತೀರಿಕೊಂಡರು.

ಔಷಧದ ಕೆಲಸಕ್ಕೆ ಈ ಯಂತ್ರ ಬರೋಕೆ ಇನ್ನೂ ಸಮಯ ಹಿಡೀತು, ಅದೂ ಅದೇ ಹಳೇ ಕಾರಣಕ್ಕೆ: ಒಳಗೆ ಬಿಡೋದು ಹೇಗೆ? ಔಷಧ ಸಿಗೋದು ರಕ್ತದಲ್ಲಿ, ನೀರಿನಲ್ಲಿ; ಯಂತ್ರಕ್ಕೆ ಬೇಕಾದದ್ದು ನಿರ್ವಾತ. 1 ಮಿಲಿಲೀಟರ್ ನೀರು ಕುದಿದರೆ ಸುಮಾರು 1,700 ಮಿಲಿಲೀಟರ್ ಆವಿ ಆಗುತ್ತೆ, ಯಾವ ಪಂಪು ತಡೆಯುತ್ತೆ? 1980ರ ದಶಕದಲ್ಲಿ ಜಾನ್ ಫೆನ್ ಎಲೆಕ್ಟ್ರೋಸ್ಪ್ರೇಯನ್ನು ಇದಕ್ಕೆ ಹೊಂದಿಸಿದರು. ಸೂಜಿಯ ತುದಿಗೆ ಸಾವಿರಾರು ವೋಲ್ಟ್ ಕೊಟ್ಟು ದ್ರವವನ್ನು ಹೊರಗಿನ ಗಾಳಿಯಲ್ಲೇ ಸೂಕ್ಷ್ಮ ಹನಿಗಳಾಗಿ ಸಿಂಪಡಿಸಿ, ಹನಿ ಒಣಗಿದ ಮೇಲೆ ಉಳಿದ ಅಯಾನನ್ನಷ್ಟೇ ಒಳಗೆ ಎಳೆಯೋ ವಿಧಾನ. 2002ರಲ್ಲಿ ಅವರಿಗೂ ನೊಬೆಲ್ ಬಂತು. ದ್ರವ ನೇರವಾಗಿ ಯಂತ್ರಕ್ಕೆ ಹೋಗೋ ಹಾಗಾದ ಮೇಲೆ ಶೀಶೆಯಿಂದ ಶೀಶೆಗೆ ಹೋಗೋ ಸೂಜಿಯ ತೋಳಿಗೆ ಕೈತುಂಬಾ ಕೆಲಸ. ಒಂದೇ ತಟ್ಟೆಯಲ್ಲಿ 96 ಗುಳಿ, 384 ಗುಳಿ. ಪ್ರತಿ ಸಲ ಅದೇ ಅಳತೆ, ಅದೇ ವೇಗ, ಸುಸ್ತಿಲ್ಲ, ಕೈ ನಡುಗೋದಿಲ್ಲ.

ಆದರೆ ತೋಳಿಗೆ ಗೊತ್ತಿಲ್ಲದ್ದು ಒಂದಿದೆ. ಗೆರೆ ಯಾರದ್ದು ಅಂತ ಅದು ಕೇಳಲ್ಲ. ಅದಕ್ಕೇ ಮನುಷ್ಯರು ಕೂತು ಸಾಲಿನಲ್ಲಿ ಖಾಲಿ ಶೀಶೆ ಇಡ್ತಾರೆ. ಅತಿ ಹೆಚ್ಚು ಪ್ರಮಾಣದ ಸ್ಯಾಂಪಲ್ ಆದ ಮೇಲೆ ಬಿಟ್ಟ ಖಾಲಿ ಶೀಶೆಯಲ್ಲಿ ಕಾಣೋ ಪೀಕ್, ಅಳೆಯಬಲ್ಲ ಅತಿ ಕಡಿಮೆ ಪ್ರಮಾಣದ ಪೀಕ್‌ನ ಶೇ 20ನ್ನು ದಾಟಬಾರದು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ದಾಟಿದರೂ ಗಮನಿಸದೇ ಬಿಟ್ಟರೆ ಏನಾಗುತ್ತೆ ಯೋಚಿಸಿ. ಒಬ್ಬ ರೋಗಿಯ ರಕ್ತದಲ್ಲಿದ್ದ ಔಷಧ ಇನ್ನೊಬ್ಬರ ಲೆಕ್ಕಕ್ಕೆ ಸೇರುತ್ತೆ. ಅಗ್ಗದ ಮಾತ್ರೆ ದುಬಾರಿ ಮಾತ್ರೆಯಷ್ಟೇ ಕೆಲಸ ಮಾಡುತ್ತೋ ಇಲ್ಲವೋ ಅನ್ನೋ ತೀರ್ಮಾನವೇ ತಪ್ಪಬಹುದು. ಆ ಮಾತ್ರೆ ನುಂಗೋರು ನಮ್ಮ ಅಜ್ಜಿ, ನಮ್ಮ ಅಪ್ಪ.

ಆ ದಿನ ಮೇಡಂ ರನ್ ನಿಲ್ಲಿಸಿದ್ದಕ್ಕೆ ನಮಗೆ ಬಸ್ಸು ತಪ್ಪಿತು, ಸ್ವಲ್ಪ ಬೈಕೊಂಡಿದ್ದೂ ಹೌದು. ಈಗ ಅನ್ನಿಸ್ತಿದೆ, 22ರ ಒಂದು ಮಸುಕು ಗೆರೆಗೆ ಆಸ್ಟನ್ ಏಳು ವರ್ಷ ಕಾದರು, ನಾವು ಒಂದು ಗಂಟೆ ಕಾದದ್ದು ಯಾವ ಲೆಕ್ಕ! ಮುಂದಿನ ಸಲ ಲ್ಯಾಬ್‌ನಲ್ಲಿ ರೀಡಿಂಗ್‌ನಲ್ಲಿ ಏನೋ ಒಂದು ಹೊಂದದೇ ಇದ್ದರೆ ಅದನ್ನು ಅಳಿಸೋ ಮುಂಚೆ, ರೆಕಾರ್ಡ್ ಬುಕ್ ಮುಚ್ಚೋ ಮುಂಚೆ ಒಂದು ಸಲ ಕೇಳ್ಕೊಳ್ಳೋಣ: ಇದು ಯಾರದ್ದು?